ಸಂಕ ದಾಟುವ ಮೊದಲು ಜಗಲಿಯಲ್ಲೊಂದು ಅಭ್ಯಾಸ

ಮಳೆಗಾಲದಲ್ಲಿ ಶಿರಸಿ ಕಡೆಯ ತೋಟದ ಮನೆಗಳಿಗೆ ಹೋದವರಿಗೆ ಸಂಕ ಗೊತ್ತು. ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ. ಊರಿನವರು ತಲೆ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡೇ ದಾಟಿಬಿಡುತ್ತಾರೆ. ಪೇಟೆಯಿಂದ ಬಂದವರಿಗೆ ಕಾಲು ನಡುಗುತ್ತದೆ. ಕಾಲಲ್ಲಿ ಬಲ ಇದ್ದರೂ ನರಗಳಿಗೆ ರೂಢಿ ಇರುವುದಿಲ್ಲ. ಆ ರೂಢಿಯನ್ನು ಮನೆಯಲ್ಲೇ ಮಾಡಿಸಬಹುದು.

ಮೊದಲು ಸುಮ್ನೆ ನಿಲ್ಲಿ. ಜಗಲಿ ಕಂಬದ ಪಕ್ಕ, ಬರಿಗಾಲಲ್ಲಿ, ಪಾದ ಜೋಡಿಸಿ. ಗಮನ ಅಂಗಾಲಿನ ಮೇಲಿರಲಿ. ಭಾರ ಒಮ್ಮೆ ಬೆರಳಿನತ್ತ, ಒಮ್ಮೆ ಹಿಮ್ಮಡಿಯತ್ತ ಸರಿಯುತ್ತಿದೆ, ಅಲ್ವಾ? ಎಲ್ಲರೂ ನಿಲ್ಲುವುದೇ ಹೀಗೆ. ಮೈ ಮುಂದಕ್ಕೆ ವಾಲಿದಾಗ ಮೀನಖಂಡ ಎಳೆದಂತಾಗುತ್ತದೆ. ಅದರೊಳಗಿನ ನರದ ತುದಿಗಳು ಕೂಡಲೇ ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಸ್ನಾಯು ಬಿಗಿದು ಮೈಯನ್ನು ಹಿಂದಕ್ಕೆ ತರುತ್ತದೆ. ಕಾರವಾರದ ಕಡಲತೀರದಲ್ಲಿ ಅಲೆ ಹಿಂದೆ ಸರಿಯುವಾಗ ಹಿಮ್ಮಡಿ ಕೆಳಗಿನ ಮರಳು ಜಾರುತ್ತದಲ್ಲ, ಆಗ ನೀವು ಯೋಚಿಸುವ ಮೊದಲೇ ಕಾಲ್ಬೆರಳು ಮರಳನ್ನು ಕಚ್ಚಿ ಹಿಡಿದಿರುತ್ತವೆ.

ಈಗ ಕಣ್ಣು ಮುಚ್ಚಿ. ಪಕ್ಕದಲ್ಲಿ ಯಾರಾದರೂ ಇರಲಿ. ಓಲಾಟ ಜಾಸ್ತಿಯಾಗುತ್ತದೆ. ಮೆದುಳಿಗೆ ಸುದ್ದಿ ಬರುವುದು ಮೂರು ಕಡೆಯಿಂದ: ಕಣ್ಣು, ಒಳಕಿವಿ, ಮತ್ತೆ ಅಂಗಾಲು–ಸ್ನಾಯು–ಕೀಲುಗಳು. ಒಂದು ನಿಂತಿತು. ಒಳಕಿವಿಯ ಮೂರು ಬಾಗಿದ ಕೊಳವೆಗಳು ತಲೆ ತಿರುಗಿದ್ದನ್ನು ಹೇಳುತ್ತವೆ. ಪಕ್ಕದ ಎರಡು ಪುಟ್ಟ ಚೀಲಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿವೆ. ತಲೆ ವಾಲಿದರೆ ಅವೂ ಸರಿಯುತ್ತವೆ. ಕಡಲ ಚಿಪ್ಪು ಆಗಿರುವ ಕ್ಯಾಲ್ಸಿಯಂ ಕಾರ್ಬೊನೇಟಿನದೇ ಹರಳು ಅವು. ಈ ಸುದ್ದಿಯನ್ನೆಲ್ಲ ತಾಳೆ ನೋಡಿ ತಪ್ಪು ತಿದ್ದುವುದು ತಲೆಯ ಹಿಂಭಾಗದ ಕಿರುಮೆದುಳು. ಅಭ್ಯಾಸದಿಂದ ಪಳಗುವುದೂ ಮುಖ್ಯವಾಗಿ ಅದೇ.

ಕಣ್ಣು ಮುಚ್ಚಿಕೊಂಡೇ ಒಂದು ಬೆರಳ ತುದಿಯನ್ನು ಕಂಬಕ್ಕೆ ತಾಗಿಸಿ. ಒತ್ತಬೇಡಿ. ಓಲಾಟ ಇಳಿದೇ ಹೋಗುತ್ತದೆ! ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇದೇ. ಅಷ್ಟು ಹಗುರ ಸ್ಪರ್ಶಕ್ಕೆ ಮೈ ತಡೆಯುವ ಬಲ ಎಲ್ಲಿಂದ ಬರಬೇಕು? ಬೆರಳಿನ ಚರ್ಮ ಕೊಟ್ಟ ಸುದ್ದಿಯೇ ಸಾಕಾಗುತ್ತದೆ. ಸಂಕದ ಗಳಕ್ಕೂ ಜೋತುಬೀಳಬೇಡಿ, ಕೈ ತಾಗಿಕೊಂಡೇ ಇರಲಿ.

ಮುಂದೆ, ಕಣ್ಣು ತೆರೆದು ಒಂಟಿಕಾಲಲ್ಲಿ 10 ಸೆಕೆಂಡ್ ನಿಲ್ಲಿ. ಎರಡೂ ಕಾಲಿಗೆ ಐದೈದು ಸಲ.

ಆಮೇಲೆ ನೆಲದ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆಯಿರಿ. ನೋಟ ಗೆರೆಯ ಕೊನೆಯ ಮೇಲಿರಲಿ. ಸಣ್ಣ ಓಲಾಟವನ್ನು ಪಾದದ ಗಂಟು ತಿದ್ದುತ್ತದೆ, ದೊಡ್ಡದಾದರೆ ಸೊಂಟ ಬಾಗುತ್ತದೆ, ಅದೂ ಸಾಲದಿದ್ದರೆ ಹೆಜ್ಜೆ ಇಡುತ್ತೇವೆ. ಸಂಕದ ಮೇಲೆ ಪಕ್ಕಕ್ಕೆ ಹೆಜ್ಜೆ ಇಡಲು ಜಾಗವೇ ಇಲ್ಲ. ಹಾಗಾಗಿ ಸೊಂಟ ಬಾಗಲಿ, ಕೈ ಅಗಲವಾಗಲಿ, ತಡೆಯಬೇಡಿ.

ತಲೆಸುತ್ತು ಇರುವವರು, ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರು ಮೊದಲು ಡಾಕ್ಟರನ್ನು ಕೇಳಿ.

ಎರಡು ಮೂರು ವಾರ ಬಿಡದೆ ಮಾಡಿ. ಆಮೇಲೆ ಸಂಕಕ್ಕೆ ಹೋಗಿ. ಮೊದಲ ಸಲ ಹಳ್ಳದಲ್ಲಿ ನೀರು ಕಡಿಮೆ ಇರುವಾಗ, ಚಪ್ಪಲಿ ಕೈಯಲ್ಲಿ ಹಿಡಿದು, ಊರಿನವರೊಬ್ಬರನ್ನು ಮುಂದೆ ಬಿಟ್ಟುಕೊಂಡು.