ಹದಿಹರೆಯದವರಿಗೆ ಕಾದಂಬರಿ ಕೊಡುವಾಗ ಹಣೆಪಟ್ಟಿ ಬೇಡ, ಕತೆ ಹೇಳಿ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಪುಸ್ತಕದ ಕಪಾಟಿದೆ. ಭಾನುವಾರ ಬೆಳಿಗ್ಗೆ ಬೀದಿಯ ಮಕ್ಕಳು ಬಂದು ಪುಸ್ತಕ ಒಯ್ಯುತ್ತಾರೆ, ಓದಿದ್ದನ್ನು ವಾಪಸ್ ತರುತ್ತಾರೆ. 11ರಿಂದ 17ರೊಳಗಿನವರೇ ಜಾಸ್ತಿ. ಶುರುವಿನಲ್ಲಿ ನಾನು ಒಂದು ತಪ್ಪು ಮಾಡಿದ್ದೆ, ಅದನ್ನೇ ಮೊದಲು ಹೇಳುತ್ತೇನೆ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬರುತ್ತಿದ್ದಳು. ಒಂದು ಕಾಲು ಎಳೆದು ನಡೆಯುತ್ತಿದ್ದಳು. ಪದ್ಮಾ ವೆಂಕಟರಾಮನ್ ಬರೆದ ‘ಎ ಟೈಮ್ ಟು ಡಾನ್ಸ್’ ಆಗಷ್ಟೇ ತರಿಸಿದ್ದೆ, ಅಪಘಾತದಲ್ಲಿ ಕಾಲು ಕಳೆದುಕೊಂಡ ವೇದಾ ಅನ್ನುವ ಭರತನಾಟ್ಯ ನೃತ್ಯಗಾತಿಯ ಕತೆ. ಎಲ್ಲರ ಎದುರಿಗೇ ಅವಳ ಕೈಗಿಟ್ಟು, ‘ಇದು ನಿನಗೋಸ್ಕರವೇ ಇರೋ ಪುಸ್ತಕ ಕಣೇ’ ಅಂದುಬಿಟ್ಟೆ. ಉಳಿದ ಮಕ್ಕಳು ಪುಸ್ತಕದ ಹಿಂದಿನ ಪುಟ ಓದಿ ಅವಳ ಕಾಲು ನೋಡಿದರು. ಮುಂದಿನ ವಾರ ಅವಳ ತಮ್ಮ ಪುಸ್ತಕ ತಂದುಕೊಟ್ಟ. ನಾನಿಟ್ಟಿದ್ದ ಚೀಟಿ ಮೊದಲ ಪುಟದಲ್ಲೇ ಇತ್ತು. ಎರಡು ತಿಂಗಳು ಅವಳು ನಮ್ಮ ಮನೆ ಕಡೆ ಬರಲಿಲ್ಲ.

ಪುಸ್ತಕದಲ್ಲಿ ತಪ್ಪಿರಲಿಲ್ಲ, ನಾನು ಕೊಟ್ಟ ರೀತಿಯಲ್ಲಿ ಇತ್ತು. ಬೇರೆ ಬೇರೆ ಜಾತಿ, ಧರ್ಮ, ಭಾಷೆ, ದೇಹ, ಮನಸ್ಸಿನ ಪಾತ್ರಗಳಿರುವ ಕಾದಂಬರಿಗಳು ಮಕ್ಕಳಿಗೆ ಬೇಕೇ ಬೇಕು. ಆದರೆ ‘ನೀನು ಇಂಥವಳು, ಅದಕ್ಕೆ ಇದನ್ನು ಓದು’ ಅಂತ ಕೊಟ್ಟರೆ ಆ ಮಗುವಿನ ಹಣೆಗೆ ಪಟ್ಟಿ ಅಂಟಿಸಿದ ಹಾಗೆ. ಹದಿನಾಲ್ಕರ ವಯಸ್ಸಿನಲ್ಲಿ ಅದನ್ನು ಯಾರೂ ಸಹಿಸಲ್ಲ.

ಹಾಗಾದರೆ ಹೇಗೆ ಕೊಡಬೇಕು?

ಮೊದಲು ಕೇಳಿ. ‘ಯಾವ ಥರದ ಪುಸ್ತಕ ಇಷ್ಟ’ ಅಂದರೆ ‘ಗೊತ್ತಿಲ್ಲ ಆಂಟಿ’ ಅಂತಾರೆ, ಅಷ್ಟೇ. ಅದರ ಬದಲು ‘ಕೊನೇ ಸಲ ನಿದ್ದೆಗೆಟ್ಟು ಏನು ನೋಡಿದೆ?’ ಅಂತ ಕೇಳಿ. ಸೀರೀಸ್ ಇರಬಹುದು, ಕ್ರಿಕೆಟ್ ಇರಬಹುದು, ಅಡುಗೆಯ ವಿಡಿಯೋ ಇರಬಹುದು. ಪತ್ತೇದಾರಿ, ಜಗಳ, ನಗು, ಪ್ರೀತಿ, ಊಟ, ಆ ಮಗುವಿನ ಕೊಂಡಿ ಯಾವುದು ಅಂತ ಅಲ್ಲೇ ಸಿಗುತ್ತದೆ. ಪುಸ್ತಕವನ್ನು ಆ ಕೊಂಡಿಗೆ ಸಿಕ್ಕಿಸಿ, ಮಗುವಿನ ಜಾತಿಗೋ ಕಾಲಿಗೋ ಅಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಜೈನಬ್ ಸುಲೇಮಾನ್ ಅವರ ‘ಸಿಂಪ್ಲಿ ನಂಜು’ 2016ರಲ್ಲಿ ಬಂತು, 11-12ರ ಮಕ್ಕಳಿಗೆ ಹೇಳಿ ಮಾಡಿಸಿದ್ದು. ನಂಜು ನಡೆಯುವ ರೀತಿ ಬೇರೆ ಥರ. ಇದನ್ನು ‘ಅಂಗವೈಕಲ್ಯದ ಬಗ್ಗೆ ಒಳ್ಳೆಯ ಪುಸ್ತಕ’ ಅಂತ ಹೇಳಿ ನೋಡಿ, ಒಬ್ಬರೂ ಕೈ ಚಾಚಲ್ಲ. ನಾನು ಹೇಳುವುದು ಇಷ್ಟೇ: ‘ಐದನೇ ಕ್ಲಾಸಿನಲ್ಲಿ ಚೆನ್ನಾಗಿ ಓದುವವರ ನೋಟ್‌ಬುಕ್ ಒಂದೊಂದೇ ಕಾಣೆಯಾಗ್ತಿವೆ, ಎಲ್ಲರ ಅನುಮಾನ ನಂಜು ಮೇಲೆ, ಸಿಕ್ಕಿಬಿದ್ದರೆ ಅಪ್ಪ ಹಾಸ್ಟೆಲ್‌ಗೆ ಹಾಕ್ತಾರೆ.’ ಮೂರು ಕೈ ಒಟ್ಟಿಗೆ ಬರುತ್ತವೆ. ನಂಜುವಿನ ಕಾಲಿನ ವಿಷಯ ಅವರಿಗೆ ಓದುತ್ತಾ ಗೊತ್ತಾಗುತ್ತದೆ, ಆ ಹೊತ್ತಿಗೆ ಅವನು ಅವರ ಗೆಳೆಯ ಆಗಿರುತ್ತಾನೆ.

ಇದೇ ರೀತಿ ಉಳಿದವಕ್ಕೂ ಎರಡೇ ವಾಕ್ಯ ಹೊಂದಿಸಿಟ್ಟುಕೊಳ್ಳಿ. ಅಡುಗೆ ಇಷ್ಟಪಡುವ, ಮಾತು ಕಡಿಮೆಯ ಮಗು ಇದ್ದರೆ ವೀರಾ ಹಿರಾನಂದಾನಿ ಅವರ ‘ದ ನೈಟ್ ಡೈರಿ’ ಕೊಡಿ. ನಿಶಾ ಅನ್ನುವ 12 ವರ್ಷದ ಹುಡುಗಿಗೆ ಬಾಯಿಬಿಟ್ಟು ಮಾತಾಡುವುದು ಕಷ್ಟ, ಅಡುಗೆಯವರಾದ ಕಾಜಿ ಜೊತೆ ಅಡುಗೆಮನೆಯಲ್ಲಿದ್ದರೆ ಮಾತ್ರ ಖುಷಿ. ಅದು 1947. ತೀರಿಕೊಂಡ ಅಮ್ಮ ಮುಸ್ಲಿಂ, ಅಪ್ಪ ಹಿಂದೂ. ಊರು ಬಿಟ್ಟು ಗಡಿ ದಾಟಬೇಕಾದಾಗ ಅವಳು ಡೈರಿಯಲ್ಲಿ ಅಮ್ಮನಿಗೇ ಪತ್ರ ಬರೆಯುತ್ತಾ ಹೋಗುತ್ತಾಳೆ. ಗಿಡ, ಕಾಡು ಅಂದರೆ ಪ್ರಾಣ ಬಿಡುವವರಿಗೆ ಸಿದ್ಧಾರ್ಥ ಶರ್ಮಾ ಅವರ ‘ಇಯರ್ ಆಫ್ ದ ವೀಡ್ಸ್’. ಒಡಿಶಾದ ಗೋಂಡ ಬುಡಕಟ್ಟಿನ ಹುಡುಗ ಕೊರೋಕ್ ತೋಟ ನೋಡಿಕೊಳ್ಳುತ್ತಾನೆ, ಅವನ ಊರಿನ ಬೆಟ್ಟದಡಿ ಬಾಕ್ಸೈಟ್ ಅದಿರು ಇದೆ, ಅದನ್ನು ಅಗೆಯಲು ಬರುತ್ತಾರೆ.

ಭಾಷೆಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ. ಕನ್ನಡ ಮೀಡಿಯಂ ಮಕ್ಕಳು 400 ಪುಟದ ಇಂಗ್ಲಿಷ್ ಕಾದಂಬರಿ ನೋಡಿ ಹೆದರುತ್ತಾರೆ, ಅದು ಸಹಜ. ಅವರಿಗೆ ಪದ್ಯದ ರೂಪದಲ್ಲಿರುವ ಕಾದಂಬರಿ ಕೊಡಿ. ‘ಎ ಟೈಮ್ ಟು ಡಾನ್ಸ್’ ಅಂಥದ್ದೇ. ಸಾಲುಗಳು ಚಿಕ್ಕವು, ಪುಟದ ತುಂಬ ಬಿಳಿ ಜಾಗ, ಬೇಗ ಬೇಗ ಪುಟ ತಿರುಗುತ್ತದೆ, ‘ನಾನೂ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಮುಗಿಸಿದೆ’ ಅನ್ನೋ ಧೈರ್ಯ ಬರುತ್ತದೆ. ಚಿತ್ರ ಕಾದಂಬರಿಗಳೂ ಹಾಗೇ. ಜೀನ್ ಲುಯೆನ್ ಯಾಂಗ್ ಅವರ ‘ಅಮೆರಿಕನ್ ಬಾರ್ನ್ ಚೈನೀಸ್’ 2006ರದ್ದು. ಅಮೆರಿಕದಲ್ಲಿ ಹದಿಹರೆಯದವರ ಪುಸ್ತಕಗಳಿಗೆ ಕೊಡುವ ಪ್ರಿಂಟ್ಜ್ ಪ್ರಶಸ್ತಿ ಪಡೆದ ಮೊದಲ ಚಿತ್ರ ಕಾದಂಬರಿ ಅದು. ಅದರಲ್ಲಿ ಜಿನ್ ಅನ್ನುವ ಹುಡುಗ ಮನೆಯಿಂದ ತಂದ ಊಟ ತಿನ್ನುವಾಗ ಕ್ಲಾಸಿನವರು ಅಸಹ್ಯವಾಗಿ ಮಾತಾಡುವ ಪುಟವೊಂದಿದೆ. ಅಮೆರಿಕದಲ್ಲಿ ಬೆಳೆಯುತ್ತಿರುವ ನಿಮ್ಮ ಅಣ್ಣನ ಮಗನೋ ಅಕ್ಕನ ಮಗಳೋ ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯಲ್ಲ ಅಂತ ಹಟ ಮಾಡುತ್ತಿದ್ದರೆ, ಏನೂ ಹೇಳದೆ ಸುಮ್ನೆ ಆ ಪುಸ್ತಕ ಕಳಿಸಿ.

ಕನ್ನಡದಲ್ಲೇ ಓದುವವರಿಗೆ? ಹದಿಹರೆಯದವರಿಗೆ ಅಂತಲೇ ಬರೆದ ಕಾದಂಬರಿಗಳು ನನ್ನ ಕಪಾಟಿನಲ್ಲಿ ಕಡಿಮೆ. ಹಾಗಾಗಿ ದೊಡ್ಡವರ ಪುಸ್ತಕಗಳಿಂದಲೂ ಆರಿಸುತ್ತೇನೆ. ತೇಜಸ್ವಿಯವರ ‘ಕರ್ವಾಲೋ’ ನನ್ನ ಕೈಯಲ್ಲಿ ಯಾವತ್ತೂ ಸೋತಿಲ್ಲ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನಲ್ಲಿ ಕರ್ವಾಲೋ ಅನ್ನುವ ವಿಜ್ಞಾನಿ ಒಬ್ಬ ಹುಟ್ಟು ಸಂಶೋಧಕನನ್ನು ನೋಡುತ್ತಾರೆ, ಎಲ್ಲರೂ ಸೇರಿ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಪಾಠದಲ್ಲಿ ಹಿಂದೆ ಇರುವ ಮಕ್ಕಳು ಮಂದಣ್ಣನನ್ನು ಎಷ್ಟು ಹಚ್ಚಿಕೊಳ್ಳುತ್ತಾರೆ ಅಂತ ನೋಡಿಯೇ ತಿಳಿಯಬೇಕು. ಜಪಾನಿನಿಂದ ಕನ್ನಡಕ್ಕೆ ಬಂದ ‘ತೊತ್ತೊ ಚಾನ್’ ಕಾದಂಬರಿ ಅಲ್ಲ, ಬರೆದವರ ಬಾಲ್ಯದ ಕತೆ, ಆದರೂ ಕೊಡುತ್ತೇನೆ. ಪೋಲಿಯೋ ಆದ ಗೆಳೆಯನನ್ನು ಪುಟ್ಟ ತೊತ್ತೊ ಚಾನ್ ಏಣಿ ತಂದು ಮರ ಹತ್ತಿಸುವ ಭಾಗವನ್ನು ಒಮ್ಮೆ ಗಟ್ಟಿಯಾಗಿ ಓದಿ, ಸಾಕು. 16 ದಾಟಿದವರಿಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ನಾದಿರಾಳ ಕತೆಯ ಕೊನೆ ತುಂಬಾ ನೋವಿನದು, ನೀವು ಓದದೆ ಕೊಡಬೇಡಿ.

ಹೌದು, ನೀವು ಓದದ ಪುಸ್ತಕವನ್ನು ಕೊಡಲೇಬೇಡಿ. ಓದುವಾಗ ಎರಡು ವಿಷಯ ನೋಡಿ. ಒಂದು, ಆ ಪಾತ್ರಕ್ಕೆ ಕಷ್ಟಪಡುವುದು ಬಿಟ್ಟು ಬೇರೆ ಕೆಲಸ ಇದೆಯಾ? ದಲಿತ ಹುಡುಗ ಬರೀ ಏಟು ತಿನ್ನೋಕೆ, ಮುಸ್ಲಿಂ ಹುಡುಗಿ ಬರೀ ಅಳೋಕೆ, ಕುರುಡ ಗೆಳೆಯ ಬರೀ ನಾಯಕನಿಗೆ ಬುದ್ಧಿ ಹೇಳೋಕೆ ಬಂದಿದ್ದರೆ ಆ ಪುಸ್ತಕ ನನಗೆ ಬೇಡ. ಆ ಪಾತ್ರ ನಗಬೇಕು, ಸುಳ್ಳು ಹೇಳಬೇಕು, ತಂಗಿ ಜೊತೆ ಕಿತ್ತಾಡಬೇಕು. ಎರಡು, ಯಾವ ಪುಟ ಮಗುವಿಗೆ ಭಾರ ಆಗಬಹುದು? ಆ್ಯಂಜಿ ಥಾಮಸ್ ಅವರ ‘ದ ಹೇಟ್ ಯು ಗಿವ್’ನಲ್ಲಿ 16 ವರ್ಷದ ಸ್ಟಾರ್ ಕಣ್ಣೆದುರೇ ಅವಳ ಗೆಳೆಯನನ್ನು ಪೊಲೀಸ್ ಗುಂಡಿಟ್ಟು ಕೊಲ್ಲುತ್ತಾನೆ, ಬೈಗುಳವೂ ಇದೆ. ಕಪ್ಪು ಜನರ ಕೇರಿಯಲ್ಲಿ ಒಂದು ಥರ, ಬಿಳಿಯರೇ ತುಂಬಿರುವ ಶಾಲೆಯಲ್ಲಿ ಇನ್ನೊಂದು ಥರ ಮಾತಾಡುತ್ತಾಳೆ ಸ್ಟಾರ್. ಮನೆಯಲ್ಲಿ ಲಂಬಾಣಿಯೋ ಉರ್ದುವೋ ಮಾತಾಡಿ ಶಾಲೆಯ ಗೇಟಿನಲ್ಲಿ ದನಿ ಬದಲಿಸುವ ನಮ್ಮ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 15 ಆಗುವವರೆಗೂ ನಾನು ಕಾಯುತ್ತೇನೆ, ಕೊಡುವ ಮುಂಚೆ ‘ಹೀಗೊಂದು ಭಾಗ ಇದೆ, ಬೇಡ ಅನಿಸಿದರೆ ನಿಲ್ಲಿಸು’ ಅನ್ನುತ್ತೇನೆ.

ಒಂದು ವಿಷಯದಲ್ಲಿ ತುಂಬಾ ಹುಷಾರಾಗಿರಿ. ಹುಡುಗಿಯನ್ನು ಪ್ರೀತಿಸುವ ಹುಡುಗಿ, ಹುಡುಗನನ್ನು ಪ್ರೀತಿಸುವ ಹುಡುಗ ಇರುವ ಕಾದಂಬರಿಯನ್ನು ಯಾವ ಮಗುವಿಗೂ ಒಬ್ಬರಿಗೇ ಅಂತ ಎತ್ತಿ ಕೊಡಬೇಡಿ. ನಿಮಗೆ ಏನೋ ಅನಿಸಿರಬಹುದು, ಆದರೆ ಅದನ್ನು ಹೇಳುವ ಹಕ್ಕು ಆ ಮಗುವಿನದು. ಹಿಮಾಂಜಲಿ ಶಂಕರ್ ಅವರ ‘ಟಾಕಿಂಗ್ ಆಫ್ ಮುಸ್ಕಾನ್’ ನಮ್ಮಲ್ಲಿ ಬೇರೆ ನಾಲ್ಕು ಪುಸ್ತಕಗಳ ಜೊತೆ ಚಾಪೆಯ ಮೇಲೆ ಬಿದ್ದಿರುತ್ತದೆ, ಅಷ್ಟೇ. ಬೇಕಾದವರು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಆತ್ಮಹತ್ಯೆಯ ಯತ್ನ ಇದೆ, ಹಾಗಾಗಿ ಅದನ್ನು ದೊಡ್ಡ ಮಕ್ಕಳ ಗುಂಪಿನಲ್ಲೇ ಇಡುತ್ತೇನೆ. ಹಿಂದಿನ ರಟ್ಟಿನ ಒಳಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದಿದ್ದೇನೆ.

ಅಪ್ಪ ಅಮ್ಮಂದಿರು ಕೇಳಲು ಬಂದರೆ ಸಿಟ್ಟಾಗಬೇಡಿ. ಒಬ್ಬ ತಾಯಿ ‘ಇಂಥದ್ದೆಲ್ಲ ಯಾಕೆ ಕೊಡ್ತೀರಾ ಮೇಡಂ’ ಅಂತ ‘ದ ನೈಟ್ ಡೈರಿ’ ಹಿಡಿದುಕೊಂಡು ಬಂದಿದ್ದರು. ವಾದ ಮಾಡಲಿಲ್ಲ. ಕೂರಿಸಿ, ಕಾಫಿ ಕೊಟ್ಟು, ಅಡುಗೆಮನೆಯ ಒಂದು ಭಾಗವನ್ನು ಕನ್ನಡದಲ್ಲಿ ಹೇಳುತ್ತಾ ಓದಿದೆ. ‘ನಾನೇ ಮೊದಲು ಓದ್ತೀನಿ’ ಅಂತ ಒಯ್ದರು. ಮಗಳಿಗೆ ಆಮೇಲೆ ಸಿಕ್ಕಿತು.

ಪುಸ್ತಕ ವಾಪಸ್ ಬಂದಾಗ ‘ಏನು ಕಲಿತೆ’ ಅಂತ ಕೇಳಬೇಡಿ, ಅದು ಪರೀಕ್ಷೆ ಆಗುತ್ತದೆ. ‘ಯಾವ ಪುಟದಲ್ಲಿ ನಿಂತೆ?’ ಅಂತ ಕೇಳಿ. ನಾನು ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ ಅದನ್ನೇ ಬರೆದುಕೊಳ್ಳುತ್ತೇನೆ. 10ನೇ ಪುಟಕ್ಕೆ ನಿಂತರೆ ಭಾಷೆ ಕಷ್ಟವಾಗಿದೆ, 60ಕ್ಕೆ ನಿಂತರೆ ಕತೆ ಹಿಡಿಸಿಲ್ಲ, ಕೊನೆಗೆ 20 ಪುಟ ಇರುವಾಗ ನಿಂತರೆ ಏನೋ ತಟ್ಟಿದೆ, ಆಗ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂರಿ. ಅವರು ಮಾತಾಡಿದರೆ ಮಾತಾಡಲಿ.

ಆ ಒಂಬತ್ತನೇ ಕ್ಲಾಸಿನ ಹುಡುಗಿ ತಿರುಗಿ ಬಂದಾಗ ನಾನು ಏನೂ ಕೊಡಲಿಲ್ಲ. ಅವಳು ಪತ್ತೇದಾರಿ ಪುಸ್ತಕಗಳನ್ನು ಓದುತ್ತಾ ಹೋದಳು. ಒಂದು ಭಾನುವಾರ ಭರತನಾಟ್ಯ ಕಲಿಯುವ ಇನ್ನೊಬ್ಬಳು ‘ಈ ವೇದಾ ಮೊದಲನೇ ಅಡವಿನಿಂದ ಮತ್ತೆ ಕಲೀತಾಳೆ ಕಣೇ, ನನಗೆ ಸಿಟ್ಟೇ ಬಂತು ಅವಳ ಹಳೇ ಗುರುಗಳ ಮೇಲೆ’ ಅಂತ ಚಾಪೆ ಮೇಲೆ ಕೂತು ಹೇಳುತ್ತಿದ್ದಳು. ಹೋಗುವಾಗ ರಿಜಿಸ್ಟರಿನಲ್ಲಿ ಆ ಪುಸ್ತಕದ ಹೆಸರನ್ನು ಒಂಬತ್ತನೇ ಕ್ಲಾಸಿನವಳೇ ಬರೆದು ಹೋದಳು, ನಾನು ತಲೆ ಎತ್ತಿ ನೋಡಲಿಲ್ಲ.