ಮನೆಯ ಟೆಲಿಸ್ಕೋಪಿನಲ್ಲಿ ಗೈಯಾ ನೌಕೆ ಹಿಡಿದ ಕಥೆ

ಮೊದಲ ರಾತ್ರಿ 40 ಫ್ರೇಮ್ ತೆಗೆದೆ. ಒಂದರಲ್ಲೂ ಗೈಯಾ ಇರಲಿಲ್ಲ.

ತಪ್ಪು ನನ್ನದೇ. ಅದು ಗೊತ್ತಾಗಿದ್ದು ಮರುದಿನ. ಅದನ್ನು ಹೇಳುವ ಮೊದಲು, ಇಷ್ಟು ದೂರದ ನೌಕೆಯ ಫೋಟೋ ತೆಗೆಯಲು ಯಾಕೆ ಹೊರಟೆ ಅಂತ ಹೇಳಬೇಕು.

ಗೈಯಾ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ನೌಕೆ. 2013ರ ಡಿಸೆಂಬರ್ 19ರಂದು ಹಾರಿದ್ದು. ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ಆಚೆ, ಸೂರ್ಯನಿಗೆ ಬೆನ್ನು ಹಾಕಿದ ಕಡೆ, ಎಲ್2 ಅನ್ನೋ ಜಾಗದ ಸುತ್ತ ತಿರುಗುತ್ತಾ 180 ಕೋಟಿಗೂ ಜಾಸ್ತಿ ನಕ್ಷತ್ರಗಳು ಎಲ್ಲಿವೆ ಅಂತ ಅಳೆದಿದೆ. ಇಂಥ ನೌಕೆಗೆ ನೆಲದ ಟೆಲಿಸ್ಕೋಪಿನ ಸಹಾಯ ಬೇಕು ಅಂದಾಗ ನಾನೂ ಮೊದಲು ನಂಬಲಿಲ್ಲ.

ಆದರೆ ಬೇಕು. ಮಳೆಯಲ್ಲಿ ಬೈಕ್ ಓಡಿಸುವಾಗ ನೆಟ್ಟಗೆ ಬೀಳುವ ಹನಿಯೂ ಎದುರಿನಿಂದ ಮುಖಕ್ಕೆ ಬಡಿಯುತ್ತದೆ ಅಲ್ವಾ? ಓಡುತ್ತಿರುವ ನೌಕೆಗೆ ನಕ್ಷತ್ರದ ಬೆಳಕೂ ಹಾಗೇ ಸ್ವಲ್ಪ ಓರೆಯಾಗಿ ಕಾಣುತ್ತದೆ. ಎಷ್ಟು ಓರೆ ಅನ್ನುವುದು ನೌಕೆಯ ವೇಗದ ಮೇಲೆ ಹೋಗುತ್ತದೆ. ಹಾಗಾಗಿ ಗೈಯಾದ ವೇಗ ಸೆಕೆಂಡಿಗೆ 2.5 ಮಿಲಿಮೀಟರ್ ಮಟ್ಟಕ್ಕೆ ಗೊತ್ತಿರಬೇಕಿತ್ತು. ಬಸವನಹುಳು ತೆವಳುವಷ್ಟು! ರೇಡಿಯೋ ಸಂಕೇತದಿಂದ ನೌಕೆ ನಮ್ಮಿಂದ ಎಷ್ಟು ದೂರ, ಯಾವ ವೇಗದಲ್ಲಿ ದೂರ ಹೋಗುತ್ತಿದೆ ಅನ್ನೋದು ಚೆನ್ನಾಗಿ ಸಿಗುತ್ತದೆ. ಅಡ್ಡಕ್ಕೆ ಸರಿಯುವುದು ಅಷ್ಟು ಚೆನ್ನಾಗಿ ಸಿಗುವುದಿಲ್ಲ. ಅದಕ್ಕೇ ನೆಲದಿಂದ ದಿನಾ ಅದರ ಫೋಟೋ ತೆಗೆದು, ಹಿಂದಿನ ನಕ್ಷತ್ರಗಳ ನಡುವೆ ಅದು ಎಲ್ಲಿದೆ ಅಂತ ಅಳೆಯುವ ಒಂದು ಕಾರ್ಯಕ್ರಮವನ್ನೇ ಮಾಡಿದರು. ಚಿಲಿಯ ಪರಾನಾಲ್‌ನ 2.6 ಮೀಟರಿನ ವಿಎಸ್‌ಟಿ, ಲಾ ಪಾಲ್ಮಾ ದ್ವೀಪದ 2 ಮೀಟರಿನ ಲಿವರ್‌ಪೂಲ್ ಟೆಲಿಸ್ಕೋಪ್, ಇವೆಲ್ಲ ಆ ಕೆಲಸಕ್ಕೆ ನಿಂತವು.

ಅಷ್ಟು ದೊಡ್ಡವು ಯಾಕೆ ಅಂದರೆ, ಗೈಯಾ ಎಲ್ಲರೂ ಎಣಿಸಿದ್ದಕ್ಕಿಂತ ತುಂಬಾ ಮಂಕಾಗಿತ್ತು. ಹೊಳಪಿನ ಅಳತೆಗೆ ಮ್ಯಾಗ್ನಿಟ್ಯೂಡ್ ಅನ್ನುತ್ತಾರೆ, ಅಂಕಿ ಹೆಚ್ಚಾದಷ್ಟೂ ಮಂಕು. 18ನೇ ಮ್ಯಾಗ್ನಿಟ್ಯೂಡ್ ಇರಬಹುದು ಅಂದುಕೊಂಡಿದ್ದರು, ಆಗಿದ್ದು 21ರ ಹತ್ತಿರ. 10 ಮೀಟರ್ ಅಗಲದ ಅದರ ಬಿಸಿಲುಮರೆ ಸೂರ್ಯನಿಗೆ 45 ಡಿಗ್ರಿ ಓರೆಯಾಗಿ ಇರುತ್ತಿತ್ತು. ಬೆಳಕು ನಮ್ಮ ಕಡೆ ಬರದೆ ಬೇರೆ ಕಡೆ ಹೋಗುತ್ತಿತ್ತು. ನನ್ನ 8 ಇಂಚಿನ ಟೆಲಿಸ್ಕೋಪಿಗೆ 21 ಅಂದರೆ ಕನಸು.

2025ರ ಜನವರಿ 15ಕ್ಕೆ ಗೈಯಾ ನಕ್ಷತ್ರ ಅಳೆಯುವುದನ್ನು ನಿಲ್ಲಿಸಿತು. ಆಮೇಲೆ ಕೆಲವು ವಾರ ಪರೀಕ್ಷೆಗಾಗಿ ಅದನ್ನು ಬೇರೆ ಕೋನಕ್ಕೆ ತಿರುಗಿಸಿದರು. ಆಗ ಅದು ಹಲವು ಮ್ಯಾಗ್ನಿಟ್ಯೂಡ್‌ನಷ್ಟು ಹೊಳಪಾಯಿತು. ನನ್ನಂಥ ಹವ್ಯಾಸಿಗಳಿಗೆ ಸಿಕ್ಕ ಒಳ್ಳೆಯ ಅವಕಾಶ ಅದು.

ಈಗ ಮೊದಲ ರಾತ್ರಿಯ ಕಥೆ. ಗ್ರಹ, ನೌಕೆಗಳು ಆಕಾಶದಲ್ಲಿ ಎಲ್ಲಿವೆ ಅಂತ ಲೆಕ್ಕ ಕೊಡುವ ನಾಸಾದ ಹೊರೈಜನ್ಸ್ ಅನ್ನೋ ಆನ್‌ಲೈನ್ ಸೇವೆಯಿಂದ ಗೈಯಾದ ಸ್ಥಾನ ಇಳಿಸಿಕೊಂಡು ಟೆಲಿಸ್ಕೋಪನ್ನು ಅಲ್ಲಿಗೆ ತಿರುಗಿಸಿದೆ. ಆಗ ನೌಕೆ ಪೂರ್ವದಲ್ಲಿ ಇನ್ನೂ 30 ಡಿಗ್ರಿ ಎತ್ತರದಲ್ಲಿತ್ತು. ಕಾಯುವ ತಾಳ್ಮೆ ಇರಲಿಲ್ಲ. ಆದರೆ ಎಲ್ಲಿಂದ ನೋಡುತ್ತೇನೆ ಅನ್ನೋ ಜಾಗ ತುಂಬಿಸುವುದನ್ನು ಮರೆತಿದ್ದೆ. ನಾವು ಏನೂ ಹೇಳದಿದ್ದರೆ ಅದು ಭೂಮಿಯ ನಡುಬಿಂದುವಿನಿಂದ ಲೆಕ್ಕ ಕೊಡುತ್ತದೆ. ಗ್ರಹಗಳಿಗೆ, ದೂರದ ಕ್ಷುದ್ರಗ್ರಹಗಳಿಗೆ ಅದರಿಂದ ಏನೂ ಆಗುವುದಿಲ್ಲ. 15 ಲಕ್ಷ ಕಿ.ಮೀ.ಗೆ ಮಾತ್ರ ಆಗುತ್ತದೆ. ನಡುಬಿಂದುವಿಗೂ ನನ್ನ ಅಂಗಳಕ್ಕೂ 6,400 ಕಿ.ಮೀ. ಇದೆಯಲ್ಲ! ನೌಕೆ ನೆತ್ತಿಯ ಮೇಲಿದ್ದರೆ ವ್ಯತ್ಯಾಸವೇ ಇಲ್ಲ. ಕೆಳಗಿದ್ದಷ್ಟೂ ಜಾಸ್ತಿ. 30 ಡಿಗ್ರಿ ಎತ್ತರದಲ್ಲಿ ಸುಮಾರು 12.6 ಆರ್ಕ್‌ಮಿನಿಟ್ (ಒಂದು ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್‌ಮಿನಿಟ್). ನನ್ನ ಫ್ರೇಮ್ 20ಕ್ಕೆ 14 ಆರ್ಕ್‌ಮಿನಿಟ್, ಅಂದರೆ ನಡುವಿನಿಂದ ಮೂಲೆಗೂ 12.2 ಅಷ್ಟೇ. ಗೈಯಾ ಚೌಕಟ್ಟಿನ ಹೊರಗೆ, ದಿಗಂತದ ಕಡೆಗೆ, ಆರಾಮಾಗಿ ಇತ್ತು. ನೌಕೆ ನೆತ್ತಿಯ ಹತ್ತಿರ ಬರುವ ನಡುರಾತ್ರಿವರೆಗೆ ಸುಮ್ನೆ ಕಾದಿದ್ದರೆ ತಪ್ಪು ಲೆಕ್ಕದಲ್ಲೂ ಸಿಗುತ್ತಿತ್ತು!

ಎರಡನೇ ರಾತ್ರಿ ನನ್ನ ಅಕ್ಷಾಂಶ, ರೇಖಾಂಶ, ಎತ್ತರ ಎಲ್ಲ ತುಂಬಿಸಿದೆ. 30 ಸೆಕೆಂಡಿನ ಎಕ್ಸ್‌ಪೋಷರ್, ಫಿಲ್ಟರ್ ಇಲ್ಲ, 52 ಫ್ರೇಮ್. ನೌಕೆ ನಿಮಿಷಕ್ಕೆ ಸುಮಾರು 3 ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟ್‌ನ 60ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಸರಿಯುತ್ತಿತ್ತು. ಇದಕ್ಕಿಂತ ಉದ್ದದ ಎಕ್ಸ್‌ಪೋಷರ್ ಕೊಟ್ಟರೆ ಚುಕ್ಕೆ ಹೋಗಿ ಗೆರೆ ಆಗುತ್ತದೆ. ಫ್ರೇಮ್‌ಗಳನ್ನು ಒಂದರ ಹಿಂದೊಂದು ಬೇಗ ಬೇಗ ಓಡಿಸಿದಾಗ ಎಲ್ಲ ಚುಕ್ಕೆಗಳೂ ನಿಂತಲ್ಲೇ ನಿಂತಿದ್ದವು. ಒಂದೇ ಒಂದು ಮಾತ್ರ ಇರುವೆ ಹಾಗೆ ನಡೆಯುತ್ತಿತ್ತು. ಹೊಳಪು 15 ಮತ್ತು 16ರ ನಡುವೆ. ಕ್ಷುದ್ರಗ್ರಹ ಇರಬಹುದಾ ಅಂತ ಪಟ್ಟಿ ನೋಡಿದೆ. ಆ ಜಾಗದಲ್ಲಿ ಆ ವೇಗದ್ದು ಯಾವುದೂ ಇರಲಿಲ್ಲ. ಮನೆಯವರನ್ನು ಎಬ್ಬಿಸಿ ತೋರಿಸಿದೆ. "ಇಷ್ಟೇನಾ?" ಅಂದರು.

ಅಳತೆಗೆ ಕೂತಾಗ ನನಗೆ ನಿಜವಾದ ಮಜಾ ಬಂತು. ಫ್ರೇಮ್‌ನಲ್ಲಿರುವ ನಕ್ಷತ್ರಗಳನ್ನು ಗುರುತಿಸಿ ಸ್ಥಾನ ಕೊಡಲು ಸಾಫ್ಟ್‌ವೇರಿಗೆ ಒಂದು ನಕ್ಷತ್ರಪಟ್ಟಿ ಬೇಕು. ಈಗಿರುವುದರಲ್ಲಿ ಒಳ್ಳೆಯದು ಗೈಯಾದ ಪಟ್ಟಿಯೇ. ಅಂದರೆ ಗೈಯಾ ಎಲ್ಲಿದೆ ಅನ್ನುವುದನ್ನು ಗೈಯಾನೇ ಬರೆದ ವಿಳಾಸದ ಪುಸ್ತಕದಲ್ಲಿ ಹುಡುಕಿದೆ. ದೊಡ್ಡ ಟೆಲಿಸ್ಕೋಪಿನವರೂ ಇದನ್ನೇ ಮಾಡಿದ್ದರು. ಮೊದಲ ವರ್ಷಗಳ ಅವರ ಅಳತೆಗಳು ಹಳೆಯ ಪಟ್ಟಿಗಳ ತಪ್ಪಿನಲ್ಲಿ ಸಿಕ್ಕಿಕೊಂಡಿದ್ದವು. ಗೈಯಾದ ಪಟ್ಟಿಗಳು ಬಂದ ಮೇಲೆ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದರು.

ನನ್ನ ಅಳತೆ ಹೊರೈಜನ್ಸ್ ಕೊಟ್ಟದ್ದಕ್ಕಿಂತ ಸುಮಾರು 0.3 ಆರ್ಕ್‌ಸೆಕೆಂಡ್ ಆಚೀಚೆ ಬಂತು. ಕೇಳಲು ಚೆನ್ನಾಗಿದೆ, ಆದರೆ ಅಷ್ಟು ದೂರದಲ್ಲಿ ಅದು 2 ಕಿ.ಮೀ. ಆಗುತ್ತದೆ. ದೊಡ್ಡ ಟೆಲಿಸ್ಕೋಪಿನವರಿಗೆ ಬೇಕಾಗಿದ್ದು 0.02 ಆರ್ಕ್‌ಸೆಕೆಂಡ್, ಅಂದರೆ 150 ಮೀಟರ್. ನನ್ನ ಲ್ಯಾಪ್‌ಟಾಪ್ ಗಡಿಯಾರ ಅರ್ಧ ಸೆಕೆಂಡ್ ತಪ್ಪಿದರೂ ನೌಕೆ 0.025 ಆರ್ಕ್‌ಸೆಕೆಂಡ್ ಸರಿದಿರುತ್ತದೆ. ಕ್ಯಾಮೆರಾ ಸಾಫ್ಟ್‌ವೇರ್ ಬರೆಯುವ ಸಮಯ ಶಟರ್ ತೆರೆದ ಸಮಯವೋ, ಫೈಲ್ ಉಳಿಸಿದ ಸಮಯವೋ? ಇದನ್ನು ನಾನು ಅಲ್ಲಿಯವರೆಗೂ ಯೋಚಿಸಿಯೇ ಇರಲಿಲ್ಲ. ನೋಡಿದರೆ ಉಳಿಸಿದ ಸಮಯ. ಹಳೆಯ ಕ್ಷುದ್ರಗ್ರಹ ಫೈಲ್‌ಗಳನ್ನೆಲ್ಲ ಮತ್ತೆ ತೆಗೆದು ಸಮಯ ಸರಿ ಮಾಡಿದೆ. ಅದಕ್ಕೆ ಎರಡು ಭಾನುವಾರ ಹೋಯಿತು.

ಇನ್ನೊಂದು ರಾತ್ರಿ ನೋಡೋಣ ಅಂದುಕೊಂಡೆ. ಮೋಡ ಬಿಡಲಿಲ್ಲ. ಗೈಯಾವನ್ನು ಎಲ್2ನಿಂದ ಆಚೆ ತಳ್ಳಿ, ಸೂರ್ಯನ ಸುತ್ತಿನ ಕಕ್ಷೆಗೆ ಕಳಿಸಿ, 2025ರ ಮಾರ್ಚ್ 27ರಂದು ಪೂರ್ತಿ ಬಂದ್ ಮಾಡಿದರು. ನನ್ನ ಹತ್ತಿರ ಆ 52 ಫ್ರೇಮ್ ಇವೆ. ಒಂಬತ್ತರಲ್ಲಿ ತೆಳು ಮೋಡ, ಒಂದರಲ್ಲಿ ವಿಮಾನ.