‘ದಿ ಅಮೇಜಿಂಗ್ ಮಿಸ್ಟರ್ ಎಕ್ಸ್’ ನೋಡೋಕ್ ಮುಂಚೆ ಇಷ್ಟು ಮಾಡಿ

1948ರ ಬ್ಲ್ಯಾಕ್ ಅಂಡ್ ವೈಟ್ ಹಾಲಿವುಡ್ ಥ್ರಿಲ್ಲರ್, ‘ದಿ ಸ್ಪಿರಿಚುವಲಿಸ್ಟ್’ ಅನ್ನೋ ಹೆಸರಲ್ಲೂ ಸಿಗುತ್ತೆ, ಸರ್ಚ್ ಮಾಡುವಾಗ ಎರಡೂ ಹಾಕಿ ನೋಡಿ. ಅಮೆರಿಕದಲ್ಲಿ ಕಾಪಿರೈಟ್ ಇಲ್ಲದಿರೋದ್ರಿಂದ ಆನ್‌ಲೈನಲ್ಲಿ ಫ್ರೀ ಕಾಪಿಗಳು ಬೇಕಾದಷ್ಟಿವೆ, ಆದ್ರೆ ಅರ್ಧಕ್ಕರ್ಧ ಮಸಿ ಬಳಿದಂಗಿವೆ, ಮೊದಲ ಐದು ನಿಮಿಷದಲ್ಲಿ ಸಮುದ್ರದ ಅಲೆ ಬೇರೆ ಆಕಾಶ ಬೇರೆ ಅಂತ ಕಾಣ್ಲಿಲ್ಲ ಅಂದ್ರೆ ಬಿಟ್ಟಾಕಿ ರಿಸ್ಟೋರ್ ಮಾಡಿರೋ ಪ್ರಿಂಟ್ ಹುಡುಕಿ. ಯಾಕಂದ್ರೆ ಇದರ ನಿಜವಾದ ಹೀರೋ ಕ್ಯಾಮೆರಾಮನ್ ಜಾನ್ ಆಲ್ಟನ್ನೇ, ನೆರಳಲ್ಲೇ ಅರ್ಧ ಕತೆ ಹೇಳ್ತಾನೆ.

ರಾತ್ರಿ ಲೈಟ್ ಆಫ್ ಮಾಡಿ, ಹೆಡ್‌ಫೋನ್ ಹಾಕೊಂಡು ಕೂತ್ಕೊಳ್ಳಿ. ಸತ್ತ ಗಂಡ ಅಲೆಗಳ ಮಧ್ಯೆ ಹೆಸರು ಹಿಡಿದು ಕರೆದಂಗೆ ಹೆಂಡ್ತಿಗೆ ಕೇಳ್ಸುತ್ತೆ, ಫೋನ್ ಸ್ಪೀಕರಲ್ಲಿ ಅದರ ಮಜಾನೇ ಹೋಗ್ಬಿಡುತ್ತೆ. ಆಮೇಲೆ ಬೀಚಲ್ಲಿ ಕಾಗೆ ಥರದ ಕಪ್ಪು ಹಕ್ಕಿ ಜೊತೆ ನಟ ಟರ್ಹಾನ್ ಬೇ ಸಿಕ್ತಾನೆ, ನೀಟಾಗಿ ಸೂಟ್ ಹಾಕಿರೋ ಕಳ್ಳಸ್ವಾಮಿ ಅನ್ಕೊಳ್ಳಿ. ಅವಳ ವಿಷಯ ಎಲ್ಲಾ ಪಟಪಟ ಹೇಳಿದಾಗ ಬೆರಗಾಗ್ಬೇಡಿ, ಇದನ್ನ ಇವನಿಗೆ ಯಾರು ಹೇಳಿರ್ಬಹುದು ಅಂತ ಯೋಚ್ನೆ ಮಾಡ್ತಾ ಮನೆಯೊಳಗಿನ ಜನಗಳ ಮೇಲೆ ಒಂದು ಕಣ್ಣಿಡಿ.

ವಿಕಿಪೀಡಿಯ ಮಾತ್ರ ಮೊದಲೇ ಓದ್ಬೇಡಿ, ನಾನು ಓದಿ ಕೆಟ್ಟೆ, ಮಧ್ಯದ ತಿರುವು ಮೊದಲೇ ಗೊತ್ತಾಗೋಯ್ತು. 78 ನಿಮಿಷ ಅಷ್ಟೇ, ಮಧ್ಯೆ ನಿಲ್ಲಿಸ್ದೆ ಒಂದೇ ಸಲಕ್ಕೆ ಮುಗ್ಸಿ.